ಕೆರೆಯಂಗಳದ ಖಾನೇಷುಮಾರಿ

ಎಣಿಸುವುದು ಮನುಷ್ಯನಿಗೆ ಬಹು ಹಳೆಯ ಅಭ್ಯಾಸ. ಕಣದ ರಾಶಿ, ಹಟ್ಟಿಯ ಕುರಿ, ಪೆಟ್ಟಿಗೆಯ ನಾಣ್ಯ, ಇವುಗಳಲ್ಲಿ ಯಾವುದನ್ನೂ ಅವನು ಲೆಕ್ಕವಿಲ್ಲದೆ ಬಿಟ್ಟವನಲ್ಲ. ರಾಜ್ಯವಾಳುವವರಿಗಂತೂ ಎಣಿಕೆಯಿಲ್ಲದೆ ಕಂದಾಯವಿಲ್ಲ, ಕಂದಾಯವಿಲ್ಲದೆ ಆಡಳಿತವಿಲ್ಲ. 1871ರಲ್ಲಿ ಮೈಸೂರು ಸೀಮೆಯ ಜನರನ್ನು ಮನೆಮನೆಗೆ ಹೋಗಿ ಎಣಿಸಿದರು. ಇಂಥ ಎಣಿಕೆಯನ್ನು ನಮ್ಮ ಹಿರಿಯರು ಖಾನೇಷುಮಾರಿ ಎಂದು ಕರೆದರು. 1919ರಿಂದ ಈ ದೇಶದಲ್ಲಿ ದನಕರುಗಳ ಗಣತಿಯೂ ನಡೆದುಬಂದಿದೆ. ಎತ್ತು ಎಷ್ಟು, ಎಮ್ಮೆ ಎಷ್ಟು, ಕೋಳಿ ಎಷ್ಟು ಎಂಬ ಲೆಕ್ಕ ಕಚೇರಿಗಳಲ್ಲಿ ದೊರೆಯುತ್ತದೆ. ಆದರೆ ಅದೇ ಮನೆಯ ಸೂರಿನಲ್ಲಿ ಗೂಡು ಕಟ್ಟಿದ ಗುಬ್ಬಚ್ಚಿ, ಅದೇ ಕೆರೆಯ ಅಂಚಿನಲ್ಲಿ ಒಂಟಿ ಕಾಲಿನ ಮೇಲೆ ನಿಂತ ಬಕ, ಅದೇ ಹೊಲದ ಬದುವಿನ ಬಳಿ ಬರಿಯ ನೆಲದ ಮೇಲೆ ಮೊಟ್ಟೆಯಿಟ್ಟ ಟಿಟ್ಟಿಭ, ಇವು ಬಹುಕಾಲ ಯಾವ ದಫ್ತರಿನಲ್ಲಿಯೂ ಸೇರಲಿಲ್ಲ. ಕಂದಾಯ ಕೊಡದ ಪ್ರಜೆಗಳನ್ನು ಯಾರು ಎಣಿಸುತ್ತಾರೆ?

ಎಣಿಸುವವರು ಇದ್ದಾರೆ. ಅವರು ಸರ್ಕಾರದ ನೌಕರರಲ್ಲ. ಬಹುಮಟ್ಟಿಗೆ ಪ್ರಾಣಿಶಾಸ್ತ್ರದ ಪದವೀಧರರೂ ಅಲ್ಲ. ಶಾಲೆಯ ಉಪಾಧ್ಯಾಯರು, ಬ್ಯಾಂಕಿನ ಗುಮಾಸ್ತರು, ವೈದ್ಯರು, ಗೃಹಿಣಿಯರು, ತೋಟದ ಬೇಸಾಯಗಾರರು, ಕಾಲೇಜಿನ ಹುಡುಗ ಹುಡುಗಿಯರು. ಬೆಳಗಿನ ಜಾವ ಎದ್ದು, ಕೊರಳಿಗೆ ದುರ್ಬೀನು ತೂಗಿಹಾಕಿಕೊಂಡು, ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು, ಕೆರೆಯ ಏರಿಯ ಮೇಲೆಯೋ ಕಾಡಿನ ಕಾಲುದಾರಿಯಲ್ಲಿಯೋ ನಡೆಯುತ್ತಾರೆ. ಕಂಡುದನ್ನು ಕಂಡಂತೆ ಬರೆದುಕೊಳ್ಳುತ್ತಾರೆ. ಇದಕ್ಕೆ ಸಂಬಳವಿಲ್ಲ, ಭತ್ಯವಿಲ್ಲ. ಬಸ್ಸಿನ ಖರ್ಚೂ ಅವರದೇ. ನೋಡಿದವರು ಇದನ್ನು ಬಿಡುವಿದ್ದವರ ವಿನೋದವೆಂದು ತಿಳಿಯುವುದುಂಟು. ನನ್ನ ಅಭಿಪ್ರಾಯ ಅದಲ್ಲ. ಊರಿನ ಜಮೀನಿನ ದಾಖಲೆಯನ್ನು ಇಡುವುದು ಎಷ್ಟು ಅಗತ್ಯವೋ ಊರಿನ ಜೀವರಾಶಿಯ ದಾಖಲೆಯನ್ನು ಇಡುವುದೂ ಅಷ್ಟೇ ಅಗತ್ಯವಾದ ಸಾರ್ವಜನಿಕ ಕಾರ್ಯ. ಅದನ್ನು ಊರವರೇ ಮಾಡಬೇಕು. ಮಾಡಿದ ಮೇಲೆ ಆ ದಾಖಲೆ ಊರಿನಲ್ಲಿಯೂ ಉಳಿಯಬೇಕು. ಮೊದಲನೆಯ ಮಾತನ್ನು ಇಂದು ಅನೇಕರು ಒಪ್ಪಿಯಾರು. ಎರಡನೆಯದನ್ನು ನಮ್ಮ ಸ್ವಯಂಸೇವಕರೇ ಇನ್ನೂ ಸಾಕಷ್ಟು ಮನಸ್ಸಿಗೆ ತಂದುಕೊಂಡಿಲ್ಲವೆಂದು ನನಗೆ ತೋರುತ್ತದೆ.

ಸಂಬಳ ಕೊಟ್ಟು ಮಾಡಿಸಬಾರದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಕರ್ನಾಟಕದಲ್ಲಿ ಸಣ್ಣವು ದೊಡ್ಡವು ಸೇರಿ ಸುಮಾರು 36,000 ಕೆರೆಗಳಿವೆ. ಒಬ್ಬ ಪಕ್ಷಿತಜ್ಞನು ದಿನಕ್ಕೊಂದು ಕೆರೆಯಂತೆ, ಒಂದು ದಿನವೂ ವಿಶ್ರಮಿಸದೆ ನೋಡುತ್ತ ಹೊರಟರೆ, ಎಲ್ಲವನ್ನೂ ಒಂದು ಸಲ ನೋಡಿ ಮುಗಿಸಲು ಅವನಿಗೆ ಹೆಚ್ಚುಕಡಿಮೆ ನೂರು ವರ್ಷ ಬೇಕು. ಅವನು ಕೊನೆಯ ಕೆರೆಗೆ ಬರುವ ವೇಳೆಗೆ ಮೊದಲ ಕೆರೆ ಬಡಾವಣೆಯಾಗಿರುತ್ತದೆ. ಇದು ಕೆರೆಗಳ ಮಾತಾಯಿತು. ಗೋಮಾಳ, ಗುಂಡುತೋಪು, ಹಳ್ಳ, ಕಾನು, ದೇವರಕಾಡುಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ನಮ್ಮ ನಾಡಿನಲ್ಲಿ ಹಕ್ಕಿಗಳ ವ್ಯವಸ್ಥಿತವಾದ ಸಮೀಕ್ಷೆ ನಡೆದೇ ಇಲ್ಲವೆಂದಲ್ಲ. 1939-40ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಡಾ. ಸಲೀಂ ಅಲಿಯವರು ಇಲ್ಲಿನ ಕಾಡು, ಮೈದಾನ, ನದೀತೀರಗಳನ್ನು ಸುತ್ತಿ ಹಕ್ಕಿಗಳನ್ನು ಗುರುತಿಸಿದರು. ಅದರ ವರದಿ 1942-43ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡುಕಟ್ಟುವುದನ್ನು ಕಂಡು ಅವರು ಅರಸರಿಗೆ ಮನವರಿಕೆ ಮಾಡಿಕೊಟ್ಟುದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಒಬ್ಬ ಮನುಷ್ಯ ಬರಿಯ ಕಣ್ಣು, ದುರ್ಬೀನು ಮತ್ತು ಟಿಪ್ಪಣಿ ಪುಸ್ತಕಗಳಿಂದ ಏನು ಮಾಡಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೂ ಒಂದು ಸಲದ ಸಮೀಕ್ಷೆ ಒಂದು ಛಾಯಾಚಿತ್ರದಂತೆ. ಆ ದಿನ ಏನಿತ್ತೆಂಬುದನ್ನು ಅದು ಹೇಳುತ್ತದೆ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಹೇಳಲಾರದು. ಅದಕ್ಕೆ ವರ್ಷವರ್ಷವೂ ಅದೇ ಸ್ಥಳಕ್ಕೆ ಹೋಗುವ ಜನ ಬೇಕು.

ಹಾಗೆ ಹೋಗುವ ಪದ್ಧತಿಯೊಂದು ಅಮೆರಿಕದಲ್ಲಿ ವಿಚಿತ್ರವಾದ ರೀತಿಯಲ್ಲಿ ಹುಟ್ಟಿತು. ಅಲ್ಲಿ ಕ್ರಿಸ್‌ಮಸ್ ಹಬ್ಬದ ದಿನ ಜನ ಎರಡು ಪಂಗಡಗಳಾಗಿ ಬಂದೂಕು ಹಿಡಿದು ಹೊರಟು, ಯಾರು ಹೆಚ್ಚು ಹಕ್ಕಿ ಮತ್ತು ಮೃಗಗಳನ್ನು ಕೊಂದು ತರುತ್ತಾರೆಂದು ಪಂದ್ಯ ಕಟ್ಟುತ್ತಿದ್ದರು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞನು, ಈ ಸಲ ಕೊಲ್ಲುವುದು ಬೇಡ, ಎಣಿಸೋಣ ಎಂದು ಸೂಚಿಸಿದನು. ಆ ಡಿಸೆಂಬರ್ 25ರಂದು 27 ಮಂದಿ 25 ಸ್ಥಳಗಳಲ್ಲಿ ಎಣಿಸಿದರು. ಪಂದ್ಯದ ಹುರುಪು ಹಾಗೆಯೇ ಉಳಿಯಿತು, ಬಂದೂಕು ಮಾತ್ರ ಕೆಳಗಿಳಿಯಿತು. ಆ ಎಣಿಕೆ ಇಂದಿಗೂ ನಡೆಯುತ್ತಿದೆ. ಒಂದು ಶತಮಾನಕ್ಕೂ ಮಿಕ್ಕಿದ ಆ ಲೆಕ್ಕದಿಂದ ಅಲ್ಲಿಯ ಎಷ್ಟೋ ಹಕ್ಕಿಗಳ ಏಳುಬೀಳಿನ ಕಥೆ ತಿಳಿದುಬಂದಿದೆ.

ನಮ್ಮಲ್ಲಿ 1987ರಿಂದ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಫೆಬ್ರವರಿಯ ನಾಲ್ಕು ದಿನಗಳ ಹಿತ್ತಲ ಹಕ್ಕಿ ಎಣಿಕೆಗೆ ಭಾರತ 2013ರಲ್ಲಿ ಸೇರಿತು; ಅದರಲ್ಲಿ ಭಾಗವಹಿಸಲು ಮನೆಯ ಅಂಗಳದಲ್ಲಿ ಹದಿನೈದು ನಿಮಿಷ ನಿಂತರೆ ಸಾಕು. 2014ರಿಂದ 2016ರವರೆಗೆ ಮೈಸೂರಿನ ಹಕ್ಕಿಪ್ರಿಯರು ತಮ್ಮ ನಗರವನ್ನು ಚೌಕಗಳಾಗಿ ವಿಂಗಡಿಸಿ, ಯಾವ ಚೌಕದಲ್ಲಿ ಯಾವ ಹಕ್ಕಿಯೆಂದು ನಕ್ಷೆ ಬರೆದರು. ಕೇರಳದಲ್ಲಿ ಇದೇ ಕಾರ್ಯ ಇಡೀ ರಾಜ್ಯಕ್ಕೆ ಹಬ್ಬಿತು. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಮಳೆಗಾಲದಲ್ಲೊಮ್ಮೆ, ಬೇಸಿಗೆಗೆ ಮುಂಚೆ ಒಮ್ಮೆ ರಾಜ್ಯವನ್ನೆಲ್ಲ ಜಾಲಾಡಿ 361 ಪ್ರಭೇದಗಳನ್ನು ದಾಖಲಿಸಿದರು. ದೇಶಕ್ಕೆಲ್ಲ ಸೇರಿದಂತೆ 2023ರಲ್ಲಿ ಪ್ರಕಟವಾದ ಹಕ್ಕಿಗಳ ಸ್ಥಿತಿಗತಿಯ ವರದಿ ಸುಮಾರು 30,000 ಮಂದಿ ಬರೆದುಕೊಟ್ಟ ಮೂರು ಕೋಟಿಯಷ್ಟು ದಾಖಲೆಗಳನ್ನು ಆಧರಿಸಿದೆ. ದೀರ್ಘಕಾಲದ ಏರಿಳಿತವನ್ನು ಹೇಳುವಷ್ಟು ಮಾಹಿತಿಯಿದ್ದ 338 ಪ್ರಭೇದಗಳಲ್ಲಿ 204 ಕ್ಷೀಣಿಸಿವೆಯೆಂದು ಆ ವರದಿ ಹೇಳುತ್ತದೆ. ಈ ಒಂದು ವಾಕ್ಯವನ್ನು ಬರೆಯಲು ಸಾವಿರಾರು ಜನರ ಸಾವಿರಾರು ಮುಂಜಾವುಗಳು ಬೇಕಾದವು.

ಇಷ್ಟೆಲ್ಲ ಶ್ರಮಪಟ್ಟು ಕಾಗೆ, ಗೊರವಂಕ, ಹದ್ದುಗಳನ್ನು ಎಣಿಸುವುದೇಕೆ ಎಂದು ಕೇಳುವವರಿಗೆ ರಣಹದ್ದಿನ ಕಥೆಯನ್ನು ಹೇಳಬೇಕು.

ನಮ್ಮ ಅಜ್ಜಂದಿರ ಕಾಲದಲ್ಲಿ ರಣಹದ್ದನ್ನು ಕುತೂಹಲದಿಂದ ನೋಡಿದವರು ವಿರಳ. ಊರ ಹೊರಗೆ ಸತ್ತ ದನವನ್ನು ಎಳೆದುಹಾಕಿದರೆ ಸಾಕು, ಎಲ್ಲಿಂದಲೋ ಹತ್ತಾರು ಹದ್ದುಗಳು ಸುತ್ತುತ್ತ ಇಳಿದು, ಕೆಲವೇ ಗಂಟೆಗಳಲ್ಲಿ ಎಲುಬಿನ ಹಂದರವನ್ನು ಮಾತ್ರ ಉಳಿಸಿ ಹೋಗುತ್ತಿದ್ದವು. ಅವುಗಳ ಸಂಖ್ಯೆ ಎಷ್ಟೆಂದರೆ ಎಣಿಸಬೇಕೆಂಬ ಯೋಚನೆಯೇ ಯಾರಿಗೂ ಬರಲಿಲ್ಲ. ಅದೃಷ್ಟವಶಾತ್ ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ 1980ರ ದಶಕದಲ್ಲಿ ರಣಹದ್ದುಗಳ ಗೂಡುಗಳನ್ನು ಎಣಿಸಿದ ಲೆಕ್ಕವಿತ್ತು. 1990ರ ದಶಕದಲ್ಲಿ ಡಾ. ವಿಭು ಪ್ರಕಾಶ್ ಅವರು ಅಲ್ಲಿಯೇ ಮತ್ತೆ ಎಣಿಸಿದಾಗ ಗೂಡುಗಳು ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದ್ದುದು ಕಂಡಿತು. ಕೊಂಬೆಗಳ ಮೇಲೆ ಕೊರಳು ಬಾಗಿಸಿ ಕುಳಿತ ಹದ್ದುಗಳು ಕುಳಿತಲ್ಲಿಯೇ ಸತ್ತು ಬೀಳುತ್ತಿದ್ದವು. ಹಳೆಯ ಲೆಕ್ಕವೊಂದಿಲ್ಲದಿದ್ದರೆ ಅದು ಆಪತ್ತೆಂದು ಹೇಳುವುದೇ ಕಷ್ಟವಾಗುತ್ತಿತ್ತು. ಈ ವರ್ಷ ಎಲ್ಲಿಗೋ ವಲಸೆ ಹೋಗಿರಬೇಕು ಎಂದು ಜನ ಸುಮ್ಮನಾಗುತ್ತಿದ್ದರು.

ಕಾರಣ 2004ರಲ್ಲಿ ಬಯಲಾಯಿತು. ದನಗಳ ನೋವಿಗೂ ಬಾವಿಗೂ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. 2006ರಲ್ಲಿ ಭಾರತ ಸರ್ಕಾರ ಪಶುವೈದ್ಯದಲ್ಲಿ ಆ ಔಷಧವನ್ನು ನಿಷೇಧಿಸಿತು. ಆ ವೇಳೆಗಾಗಲೇ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದೆರಡರಂತೆ ಉಳಿದಿತ್ತು. ಕರ್ನಾಟಕದಲ್ಲಿ ರಾಮನಗರದ ರಾಮದೇವರಬೆಟ್ಟದ ಬಂಡೆಗಳಲ್ಲಿ ಬೆರಳೆಣಿಕೆಯಷ್ಟು ಉಳಿದ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಒಂದು ಧಾಮವನ್ನು ಘೋಷಿಸಬೇಕಾಯಿತು. ಒಂದು ಕಾಲದಲ್ಲಿ ಯಾರೂ ತಲೆಯೆತ್ತಿ ನೋಡದ ಹಕ್ಕಿಯನ್ನು ಈಗ ಒಂದೊಂದಾಗಿ ಎಣಿಸುತ್ತೇವೆ. ನಮ್ಮ ಹಳ್ಳಿಗಳ ಆಕಾಶದಲ್ಲಿ ಹಿಂದೆ ಎಷ್ಟಿದ್ದವು? ಬಹುಪಾಲು ಊರುಗಳಲ್ಲಿ ಇದಕ್ಕೆ ಉತ್ತರ ಹಿರಿಯರ ನೆನಪಿನಲ್ಲಿದೆಯೇ ಹೊರತು ಕಾಗದದ ಮೇಲೆ ಇಲ್ಲ. ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ.

ಲೆಕ್ಕವು ಆತಂಕವನ್ನು ಮಾತ್ರ ಹುಟ್ಟಿಸುತ್ತದೆಂದು ತಿಳಿಯಬೇಕಾಗಿಲ್ಲ. ಕೆಲವೊಮ್ಮೆ ಅದು ನಮ್ಮ ಸುಳ್ಳು ಆತಂಕವನ್ನು ಕಳೆಯುತ್ತದೆ. ಗುಬ್ಬಚ್ಚಿಯ ವಿಚಾರವನ್ನೇ ತೆಗೆದುಕೊಳ್ಳಿ. ಗುಬ್ಬಚ್ಚಿ ನಾಶವಾಯಿತು, ಮೊಬೈಲ್ ಗೋಪುರಗಳ ಕಿರಣವೇ ಅದನ್ನು ಕೊಂದಿತು ಎಂಬ ಮಾತು ಮನೆಮಾತಾಯಿತು. ವಾಸ್ತವದಲ್ಲಿ 2020ರ ವರದಿ, ಇಪ್ಪತ್ತೈದು ವರ್ಷಗಳ ದಾಖಲೆಗಳನ್ನು ನೋಡಿ, ಒಟ್ಟು ದೇಶದಲ್ಲಿ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದು ತಿಳಿಸಿತು. ಬೆಂಗಳೂರಿನಂಥ ಮಹಾನಗರಗಳಲ್ಲಿ ಅದು ಇಳಿದಿರುವುದು ನಿಜ. ಆದರೆ ಅದಕ್ಕೆ ಗೋಪುರಗಳೇ ಕಾರಣವೆನ್ನಲು ಆಧಾರ ಸಿಕ್ಕಿಲ್ಲ. ಗೂಡಿಗೆ ಸಂದುಗಳಿಲ್ಲದ ಮನೆಗಳು, ಮರಿಗಳಿಗೆ ಗುಟುಕಾಗಿ ಕೊಡಬೇಕಾದ ಹುಳುಗಳ ಅಭಾವ, ಇವು ಹೆಚ್ಚು ಸಂಭವನೀಯವಾದ ಕಾರಣಗಳು. ನಗರವಾಸಿಗಳು ತಮ್ಮ ಬೀದಿಯಲ್ಲಿ ಕಂಡುದನ್ನು ದೇಶಕ್ಕೆಲ್ಲ ಅನ್ವಯಿಸಿ ಮಾತಾಡಿದರು. ಹಳ್ಳಿಯ ಕಣದಲ್ಲಿ ಗುಬ್ಬಚ್ಚಿ ತನ್ನ ಪಾಡಿಗೆ ತಾನು ಕಾಳು ಹೆಕ್ಕುತ್ತಿತ್ತು.

ಇಂಥ ಎಣಿಕೆಗೆ ಬೇಕಾದ ಪಾಂಡಿತ್ಯ ಹೆಚ್ಚಿಲ್ಲ, ಬೇಕಾದ ಶಿಸ್ತು ಬಹಳವಿದೆ. ದಿನಾಂಕ, ಸ್ಥಳ, ಆರಂಭಿಸಿದ ವೇಳೆ, ಎಷ್ಟು ಹೊತ್ತು, ಎಷ್ಟು ದೂರ, ಎಷ್ಟು ಜನ, ಮೋಡವೋ ಬಿಸಿಲೋ, ಇವನ್ನು ಮೊದಲು ಬರೆಯಬೇಕು. ಅನಂತರ ಕಂಡ ಹಕ್ಕಿಗಳನ್ನೆಲ್ಲ ಬರೆಯಬೇಕು; ಇಷ್ಟವಾದುದನ್ನು ಮಾತ್ರವಲ್ಲ. ಒಂದು ಕೆರೆಯ ಪಟ್ಟಿ ಹೀಗಿರಬಹುದು: ಗುಳುಮುಳುಕ 14, ನಾಮದ ಕೋಳಿ 60, ಕೊಳದ ಬಕ 9, ನೀರುಕಾಗೆ 22, ಮಿಂಚುಳ್ಳಿ 2, ಕಾಗೆ 12. ಇದರಲ್ಲಿ ಓದುಗನ ಎದೆ ಝಲ್ಲೆನ್ನುವಂಥದು ಏನೂ ಇಲ್ಲ. ಆದರೆ ಬರೆದವನು ಕಂಡುದನ್ನೆಲ್ಲ ಬರೆದಿದ್ದಾನೆಂದು ನಮಗೆ ನಂಬಿಕೆಯಿದ್ದರೆ, ಬರೆಯದೆ ಇರುವ ಹೆಸರುಗಳೂ ಮಾತಾಡಲು ತೊಡಗುತ್ತವೆ. ಕಳೆದ ಜನವರಿಯ ಪಟ್ಟಿಯಲ್ಲಿದ್ದ ಬಣ್ಣದ ಕೊಕ್ಕರೆ ಈ ಜನವರಿಯಲ್ಲಿ ಇಲ್ಲವೆಂದರೆ, ಅದು ಮರೆವಲ್ಲ, ಸುದ್ದಿ. ಅರ್ಧ ಬರೆದ ಪಟ್ಟಿಯಿಂದ ಈ ಪ್ರಯೋಜನ ದೊರೆಯದು. ಕಾಗೆಯನ್ನು ಬರೆಯಲು ಬೇಸರಪಡುವವನಿಗೆ ಈ ಕೆಲಸ ಒಗ್ಗುವುದಿಲ್ಲ.

ಶಿಸ್ತಿನ ಇನ್ನೊಂದು ಅಂಗ ಪ್ರಾಮಾಣಿಕತೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಕೆಲವು ಹಸಿರು ಬೂದು ಬಣ್ಣದ ಕಿರುಹಕ್ಕಿಗಳನ್ನು ಪಳಗಿದವರೂ ಒಂದರಿಂದೊಂದು ಬೇರ್ಪಡಿಸಲಾರರು. ಇಂಗ್ಲೆಂಡಿನ ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ನೋಟಕ್ಕೆ ಒಂದೇ ರೀತಿಯಾಗಿದ್ದ ಮೂರು ಉಲಿಹಕ್ಕಿಗಳನ್ನು ಅವುಗಳ ಹಾಡಿನಿಂದಲೇ ಮೂರು ಬೇರೆ ಪ್ರಭೇದಗಳೆಂದು ತಿಳಿದನು. ಅವನ ಪತ್ರಗಳು 1789ರಲ್ಲಿ ಪುಸ್ತಕವಾಗಿ ಬಂದು ಇಂದಿಗೂ ಓದುಗರನ್ನು ಪಡೆಯುತ್ತಿವೆ. ಅವನೂ ಸಂಬಳವಿಲ್ಲದ ವೀಕ್ಷಕನೇ. ತನ್ನ ಊರನ್ನು ಬಿಟ್ಟು ಹೆಚ್ಚು ಅಲೆದವನೂ ಅಲ್ಲ. ಅಷ್ಟು ತಾಳ್ಮೆ ನಮ್ಮಲ್ಲಿ ಎಲ್ಲರಿಗೂ ಇರಬೇಕೆಂದಿಲ್ಲ. ಗುರುತು ಸಿಗದಿದ್ದಾಗ ‘ಗುರುತಾಗದ ಕಿರುಹಕ್ಕಿ, 1’ ಎಂದು ಬರೆದರೆ ತಪ್ಪೇನೂ ಇಲ್ಲ. ಅಪರೂಪದ ಹೆಸರೊಂದನ್ನು ಊಹಿಸಿ ಬರೆಯುವುದಕ್ಕಿಂತ ಆ ಸಾಲು ಹೆಚ್ಚು ಬೆಲೆಯುಳ್ಳದ್ದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ತರಬೇತಿಯಿಲ್ಲದವರ ಲೆಕ್ಕವನ್ನು ವಿಜ್ಞಾನವೆಂದು ಹೇಗೆ ನಂಬುವುದು? ಆಕ್ಷೇಪ ನ್ಯಾಯವಾದದ್ದೇ. ಒಬ್ಬನು ಹೆಚ್ಚಿಗೆ ಎಣಿಸುತ್ತಾನೆ, ಇನ್ನೊಬ್ಬನು ಕಡಿಮೆ ಎಣಿಸುತ್ತಾನೆ, ಮತ್ತೊಬ್ಬನು ಬೆಳ್ಳಕ್ಕಿಯ ಜಾತಿಗಳನ್ನು ಕಲಸಿಬಿಡುತ್ತಾನೆ. ಆದರೆ ಒಂದೇ ಕೆರೆಯನ್ನು ಹತ್ತು ಜನ ಹತ್ತು ವರ್ಷ ನೋಡಿದಾಗ ಇಂಥ ತಪ್ಪುಗಳು ಬಹುಮಟ್ಟಿಗೆ ಒಂದನ್ನೊಂದು ತೂಗಿಸುತ್ತವೆ. ಇ-ಬರ್ಡ್ ಮೊದಲಾದ ಜಾಲತಾಣಗಳಲ್ಲಿ ಅಸಂಭವವೆನಿಸುವ ದಾಖಲೆಯನ್ನು ಅನುಭವಿಗಳು ಪರಿಶೀಲಿಸಿ, ವಿವರ ಕೇಳಿ, ಅನಂತರವೇ ಒಪ್ಪುತ್ತಾರೆ. ನಿಜವಾದ ದೋಷ ಬೇರೆ ಕಡೆ ಇದೆ. ಸ್ವಯಂಸೇವಕನು ಭಾನುವಾರ ಹೋಗುತ್ತಾನೆ, ರಸ್ತೆಯಿರುವ ಕಡೆ ಹೋಗುತ್ತಾನೆ, ಹೆಚ್ಚು ಹಕ್ಕಿಯಿರುವ ಕಡೆ ಹೋಗುತ್ತಾನೆ. ಬಂಜರು, ಕಲ್ಲುಗುಡ್ಡ, ಕುರುಚಲು, ಕಬ್ಬಿನ ಗದ್ದೆಗಳ ಕಡೆ ಯಾರ ಕಾಲೂ ಎಳೆಯುವುದಿಲ್ಲ. ಎಲ್ಲ ಚೌಕಗಳಿಗೂ ಸಮಾನವಾಗಿ ಹೋಗಲೇಬೇಕೆಂಬ ಕಟ್ಟುಪಾಡನ್ನು ಕೇರಳದವರು ಹಾಕಿಕೊಂಡದ್ದು ಈ ದೋಷದ ಪರಿಹಾರಕ್ಕಾಗಿಯೇ.

ಮತ್ತೊಂದು ದೋಷವನ್ನೂ ಮುಚ್ಚಿಡದೆ ಹೇಳುವುದು ಒಳ್ಳೆಯದು. ಇತ್ತೀಚೆಗೆ ದುರ್ಬೀನಿಗಿಂತ ಕ್ಯಾಮರಾ ಹೆಚ್ಚಾಗಿದೆ. ಅಪರೂಪದ ಹಕ್ಕಿಯೊಂದು ಬಂದಿದೆಯೆಂಬ ಸುದ್ದಿ ಗಾಳಿಗೆ ಸಿಕ್ಕಿದರೆ ಹತ್ತಾರು ಕಾರುಗಳು ಅಲ್ಲಿ ನಿಲ್ಲುತ್ತವೆ. ಗೂಡಿನ ಚಿತ್ರ ಚೆನ್ನಾಗಿ ಬರಲೆಂದು ಅಡ್ಡವಿದ್ದ ಕೊಂಬೆಯನ್ನು ಕತ್ತರಿಸುವವರಿದ್ದಾರೆ. ಮರೆ ತಪ್ಪಿದ ಮರಿಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ. ಹಕ್ಕಿಯ ಕೂಗನ್ನು ಯಂತ್ರದಲ್ಲಿ ನುಡಿಸಿ, ಎದುರಾಳಿ ಬಂದನೆಂದು ಭ್ರಮಿಸಿ ಹೊರಬರುವ ಗಂಡುಹಕ್ಕಿಯನ್ನು ಚಿತ್ರಿಸುವವರೂ ಇದ್ದಾರೆ. ಅವರನ್ನು ನಾನು ಸಮೀಕ್ಷಕರೆಂದು ಕರೆಯಲಾರೆ. ಬಂದೂಕಿನ ಪಂದ್ಯವನ್ನು ಬಿಟ್ಟ ನೂರಿಪ್ಪತ್ತು ವರ್ಷಗಳ ಮೇಲೆ ಅದೇ ಬೇಟೆಯ ಚಪಲ ಬೇರೆ ಉಡುಪಿನಲ್ಲಿ ಬಂದಿದೆಯೆನಿಸುತ್ತದೆ. ಎಲ್ಲವನ್ನೂ ಎಲ್ಲರಿಗೂ ಸಾರಬೇಕಾಗಿಲ್ಲ. ಅಳಿವಿನ ಅಂಚಿನಲ್ಲಿರುವ ಹಕ್ಕಿಗಳು ಕಂಡ ನಿಖರವಾದ ಸ್ಥಳವನ್ನು ಇ-ಬರ್ಡ್ ಬಹಿರಂಗಪಡಿಸುವುದಿಲ್ಲ. ಅದು ವಿವೇಕದ ಕ್ರಮ.

ಇನ್ನು ನಾನು ಮೊದಲು ಹೇಳಿದ ಎರಡನೆಯ ಮಾತಿಗೆ ಬರುತ್ತೇನೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿಯಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಗೂಡುಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತದೆ, ಹೆಂಗಸರು ಪಾತ್ರೆ ಬೆಳಗುತ್ತಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಮೇಲೆ ಒಂದೂವರೆ ಮಾರು ರೆಕ್ಕೆಯ ಹಕ್ಕಿ ಮರಿಗೆ ಮೀನು ಉಣಿಸುತ್ತಿರುತ್ತದೆ. ಹಕ್ಕಿ ಗೂಡುಕಟ್ಟಿದ ಮರದ ಹುಣಸೆ ಕೈಗೆ ಬಾರದಿದ್ದರೂ ಜನ ಮರ ಕಡಿಯಲಿಲ್ಲ. ಹಿಕ್ಕೆ ಬಿದ್ದ ಮಣ್ಣನ್ನು ಗೊಬ್ಬರವಾಗಿ ಹೊಲಕ್ಕೆ ಒಯ್ದರು. ಮುಂದೆ ಬೆಂಗಳೂರಿನ ಬೀದಿಗಳಿಗೆ ಮರ ನೆಡಿಸಿ ಹೆಸರಾದ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1970ರ ದಶಕದಲ್ಲಿ ಈ ಗೂಡುದಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಅನಂತರ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಜೊತೆಗೂಡಿ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಟ್ಟರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಆ ಊರಿಗೆ ಹಕ್ಕಿಯನ್ನು ‘ಕಂಡುಹಿಡಿಯಲು’ ಹೊರಗಿನವರು ಬರಬೇಕಾಯಿತೆಂದು ಹೇಳುವುದು ಸರಿಯಲ್ಲ. ಊರವರಿಗೆ ಎಲ್ಲವೂ ತಿಳಿದಿತ್ತು: ಯಾವ ತಿಂಗಳು ಬರುತ್ತವೆ, ಯಾವ ಮರವನ್ನು ಮೊದಲು ಹಿಡಿಯುತ್ತವೆ, ಯಾವ ವರ್ಷ ಬರಲಿಲ್ಲ. ಅವರಲ್ಲಿ ಇಲ್ಲದಿದ್ದುದು ಬರಹದ ದಾಖಲೆ ಮಾತ್ರ. ಎಲ್ಲ ಊರುಗಳಲ್ಲಿಯೂ ಹೀಗೆಯೇ. ಮೀನು ಹಿಡಿಯುವವರು, ಕುರಿಗಾಹಿಗಳು, ಜೇನು ಕೀಳುವವರು ಬಲ್ಲಷ್ಟನ್ನು ವಾರಕ್ಕೊಮ್ಮೆ ಬರುವ ನಗರದ ವೀಕ್ಷಕನು ಬಲ್ಲನೆಂದು ನಾನು ನಂಬುವುದಿಲ್ಲ. ಆದರೂ ಅನೇಕ ಕಡೆ ನಡೆಯುವುದೇನು? ಪಟ್ಟಣದಿಂದ ವಾಹನ ಬರುತ್ತದೆ, ಎಣಿಕೆಯಾಗುತ್ತದೆ, ಇಂಗ್ಲಿಷಿನಲ್ಲಿ ಪಟ್ಟಿಯಾಗುತ್ತದೆ, ವಾಹನ ಹಿಂದಿರುಗುತ್ತದೆ. ತಮ್ಮ ಕೆರೆಯಲ್ಲಿ ಎಷ್ಟು ಬಗೆಯ ಹಕ್ಕಿ ಕಂಡವೆಂಬುದು ಅದೇ ಕೆರೆಯ ನೀರುಗಂಟಿಗೆ ತಿಳಿಯುವುದಿಲ್ಲ. ಎದುರಿಗಿರುವ ಶಾಲೆಯ ಮಕ್ಕಳಿಗೂ ತಿಳಿಯುವುದಿಲ್ಲ. ನಾಳೆ ಆ ಕೆರೆಗೆ ಮಣ್ಣು ಸುರಿಯಲು ಲಾರಿ ಬಂದಾಗ ಅಡ್ಡ ನಿಲ್ಲಬೇಕಾದವರು ಇವರೇ ಅಲ್ಲವೇ? ಕೈಯಲ್ಲಿ ಕಾಗದವಿಲ್ಲದೆ ಅವರು ಯಾರ ಮುಂದೆ ಏನೆಂದು ವಾದಿಸಬೇಕು?

ಹೆಸರುಗಳ ವಿಚಾರವೂ ಇದಕ್ಕೆ ಸೇರಿದ್ದೇ. ಪೂರ್ಣಚಂದ್ರ ತೇಜಸ್ವಿಯವರು ‘ಕನ್ನಡ ನಾಡಿನ ಹಕ್ಕಿಗಳು’ ಬರೆದ ಮೇಲೆ ಕನ್ನಡದ ಹುಡುಗರು ಹಕ್ಕಿಯನ್ನು ಕನ್ನಡದಲ್ಲಿ ನೋಡುವುದು ಸುಲಭವಾಯಿತು. ಕಳ್ಳಿಪೀರ, ಕಾಜಾಣ, ಪಿಕಳಾರ, ಮಡಿವಾಳ, ಸಿಪಿಲೆ ಎಂಬ ಹೆಸರುಗಳು ಅಚ್ಚಿನಲ್ಲಿ ನಿಂತವು. ಆದರೆ ಒಂದೇ ಹಕ್ಕಿಗೆ ಸೀಮೆಸೀಮೆಗೆ ಬೇರೆ ಹೆಸರಿದೆ, ಮತ್ತು ಹೆಸರಿನಲ್ಲಿ ಅನೇಕ ವೇಳೆ ಹಕ್ಕಿಯ ಬದುಕೇ ಅಡಗಿರುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ದೊಡ್ಡ ಹಕ್ಕಿಯನ್ನು ಅಲ್ಲಿಯ ರೈತರು ‘ಎರೆಭೂತ’ ಎನ್ನುತ್ತಾರೆ. ಕಪ್ಪು ಮಣ್ಣಿನ ಬಯಲಿನಲ್ಲಿ ದೂರದಿಂದ ಆಳೆತ್ತರಕ್ಕೆ ಕಂಡು ಮರೆಯಾಗುವ ಪ್ರಾಣಿಗೆ ಇದಕ್ಕಿಂತ ತಕ್ಕ ಹೆಸರನ್ನು ಯಾವ ಪಂಡಿತನೂ ಇಡಲಾರನು. ಹೆಸರು ವಿಜ್ಞಾನಕ್ಕೂ ಏರಬಲ್ಲದು: ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ, ಇಟ್ಟ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುವ ಪುಟ್ಟ ಕಪ್ಪೆಯೊಂದನ್ನು 2014ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ ವಿಜ್ಞಾನಿಗಳು ಅದರ ಶಾಸ್ತ್ರೀಯ ನಾಮದಲ್ಲಿಯೇ ‘ಕುಂಬಾರ’ ಎಂಬ ನಮ್ಮ ಮಾತನ್ನು ಸೇರಿಸಿದರು. ಸಮೀಕ್ಷೆಯ ಹಾಳೆಯಲ್ಲಿ ಊರಿನವರು ಕರೆಯುವ ಹೆಸರಿಗೆಂದು ಒಂದು ಅಂಕಣವನ್ನು ಬಿಡುವುದು ಕಷ್ಟದ ಕೆಲಸವಲ್ಲ.

ಕಾನೂನು ಇದನ್ನೆಲ್ಲ ಮೊದಲೇ ಯೋಚಿಸಿದೆ. 2002ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು. ಅದು ಜನರನ್ನು ಕೇಳಿ ‘ಜನತಾ ಜೀವವೈವಿಧ್ಯ ದಾಖಲಾತಿ’ಯನ್ನು ಸಿದ್ಧಪಡಿಸಬೇಕು. ಬಹು ವರ್ಷ ಈ ಕೆಲಸ ಕುಂಟುತ್ತ ನಡೆಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ವಿಧಿಸಿ, 2020ರ ಜನವರಿಯೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ ಹತ್ತು ಲಕ್ಷ ರೂಪಾಯಿ ತೆರಬೇಕೆಂದಿತು. ಆಗ ಎಲ್ಲೆಡೆ ಅವಸರ ಹತ್ತಿತು. ಅವಸರದಲ್ಲಿ ತುಂಬಿದ ದಾಖಲೆ ಹೇಗಿರುತ್ತದೆಂಬುದನ್ನು ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸು ಬರೆದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಸ್ವಯಂಸೇವಕರ ಬಳಿ ವರ್ಷಗಳ ನಿಜವಾದ ಪಟ್ಟಿಗಳಿವೆ, ಓದುವ ಊರಿಲ್ಲ. ಪಂಚಾಯಿತಿಯ ಬಳಿ ದಾಖಲೆಯ ಪುಸ್ತಕವಿದೆ, ಅದರಲ್ಲಿ ಬರೆಯುವ ಕಣ್ಣಿಲ್ಲ. ಇವೆರಡನ್ನೂ ಸೇರಿಸಲು ಹೊಸ ಶಾಸನವೇನೂ ಬೇಡ. ಎಣಿಕೆ ಮುಗಿಸಿದ ತಂಡ, ಹಿಂದಿರುಗುವ ಮೊದಲು, ಕನ್ನಡದಲ್ಲಿ ಬರೆದ ಒಂದು ಪ್ರತಿಯನ್ನು ಪಂಚಾಯಿತಿಗೂ ಇನ್ನೊಂದನ್ನು ಶಾಲೆಗೂ ಕೊಟ್ಟು ಹೋಗುವ ನಿಯಮವನ್ನು ತಾನೇ ಹಾಕಿಕೊಂಡರೆ ಸಾಕು.

ಎಣಿಸಿದ ಮಾತ್ರಕ್ಕೆ ಕೆರೆ ಉಳಿಯುತ್ತದೆಯೇ ಎಂದು ಬೇಸತ್ತವರು ಕೇಳುತ್ತಾರೆ. ಇಲ್ಲ, ಪಟ್ಟಿಯಿದ್ದೂ ಹಾಳಾದ ಕೆರೆಗಳು ಬೆಂಗಳೂರಿನ ಸುತ್ತ ಬೇಕಾದಷ್ಟಿವೆ. ಆದರೆ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ನೋಡಿ. ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬಂದಿಳಿಯುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಇದೇ ಜಾತಿಯ ಹೆಬ್ಬಾತುಗಳನ್ನು ಕರ್ನಾಟಕದ ಕೆರೆಗಳಲ್ಲಿ ಹಕ್ಕಿಪ್ರಿಯರು ಕಂಡು, ಪಟ್ಟಿಯ ಮೇಲಿನ ಅಕ್ಷರಗಳನ್ನು ದುರ್ಬೀನಿನಲ್ಲಿ ಓದಿ, ಅವು ಎಲ್ಲಿಂದ ಬಂದವೆಂಬುದನ್ನು ತಿಳಿದಿದ್ದಾರೆ. 2024ರಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ಅಂಥ ಮನ್ನಣೆಯನ್ನು ಕೇಳುವಾಗ ಮೊದಲು ತೋರಿಸಬೇಕಾದುದು ಎಷ್ಟು ಹಕ್ಕಿ, ಯಾವ ವರ್ಷ, ಯಾರು ಎಣಿಸಿದರು ಎಂಬ ಲೆಕ್ಕವನ್ನು.

ಹಕ್ಕಿಗಳ ಮಾತೇ ಹೆಚ್ಚಾಯಿತು. ದುರ್ಬೀನು ಇಲ್ಲದವರಿಗೆ ಮರಗಳಿವೆ. 2010ರ ಸುಮಾರಿಗೆ ಆರಂಭವಾದ ‘ಸೀಸನ್ ವಾಚ್’ ಎಂಬ ಯೋಜನೆಯಲ್ಲಿ ಕೇರಳದ ಶಾಲಾಮಕ್ಕಳು ತಲಾ ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳನ್ನು ಗುರುತು ಹಾಕುತ್ತಾರೆ. ಮಾವು ಯಾವ ವಾರ ಹೂ ಬಿಟ್ಟಿತು, ಹೊಂಗೆ ಯಾವ ದಿನ ಚಿಗುರಿತು, ಕಕ್ಕೆ ಯುಗಾದಿಗೆ ಮೊದಲೇ ಅರಳಿತೇ ಎಂಬುದನ್ನು ಬರೆದಿಡಲು ಶಾಲೆಯ ಹಾದಿಯಲ್ಲಿ ಒಂದು ನಿಮಿಷ ನಿಂತರೆ ಸಾಕು. ಹವಾಮಾನ ಬದಲಾಗುತ್ತಿದೆಯೆಂದು ಎಲ್ಲರೂ ಹೇಳುವ ಈ ಕಾಲದಲ್ಲಿ ಅಂಥ ಹತ್ತು ವರ್ಷಗಳ ಪುಟಗಳಿಗೆ ಬೆಲೆ ಕಟ್ಟುವುದು ಸುಲಭವಲ್ಲ.

ಕರ್ನಾಟಕದ ನಕ್ಷೆಯ ಮೇಲೆ ಇದುವರೆಗಿನ ಹಕ್ಕಿ ಪಟ್ಟಿಗಳನ್ನು ಚುಕ್ಕೆಗಳಾಗಿ ಇಟ್ಟು ನೋಡಿದರೆ ಬೆಂಗಳೂರು, ಮೈಸೂರುಗಳ ಸುತ್ತ ಚುಕ್ಕೆಗಳು ಒತ್ತೊತ್ತಾಗಿ ಸೇರಿ ಕಪ್ಪಾಗುತ್ತವೆ. ಈಶಾನ್ಯಕ್ಕೆ ಹೋದಂತೆ ಅವು ಚೆದುರುತ್ತವೆ. ಯಾದಗಿರಿ, ರಾಯಚೂರು ಜಿಲ್ಲೆಗಳಲ್ಲಿ ದೊಡ್ಡ ದೊಡ್ಡ ಭಾಗಗಳು ಹೆಚ್ಚುಕಡಿಮೆ ಖಾಲಿಯಾಗಿ ಕಾಣುತ್ತವೆ. ಅಲ್ಲಿ ಹಕ್ಕಿಗಳಿಲ್ಲವೆಂದು ಇದರ ಅರ್ಥವಲ್ಲ. ಕೃಷ್ಣೆ ಮತ್ತು ಭೀಮೆಯರ ದಡಗಳಿವೆ, ಹಳೆಯ ಕೆರೆಗಳಿವೆ, ಚಳಿಗಾಲದಲ್ಲಿ ಕಡಲೆ ಮತ್ತು ಜೋಳದ ಹೊಲಗಳ ಮೇಲೆ ದೂರದೇಶದ ಸೆಳೆವಗಳು ತೇಲುತ್ತವೆ. ಪ್ರತಿ ಹೋಬಳಿಯಲ್ಲಿಯೂ ಪ್ರೌಢಶಾಲೆಯಿದೆ. ಮುಂದಿನ ಜನವರಿಯ ಎಣಿಕೆಗೆ ಅಲ್ಲಿಂದ ಮೊದಲ ಪಟ್ಟಿಗಳು ಬರಬೇಕಾಗಿದೆ.